ಕರೆವ್ವನಿಗೆ ನೀರು ಸಾಕು

ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಹರಳು ಆರಿಸುತ್ತ ಕೂತಿದ್ದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬೇಳೆಯೊಳಗಿನ ಹರಳು ನನಗೆ ಮತ್ತೆ ಕಾಣತೊಡಗಿವೆ. ಅದು ಶಿವ ಕೊಟ್ಟದ್ದು, ಸಣ್ಣದೇನಲ್ಲ. ಅದಕ್ಕೇ ಸೊಸೆ ಬೇಡವೆಂದರೂ ಈ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಅರ್ಧ ಆರಿಸಿರಬೇಕು, ಫೋನು ಬಂತು. ಲಕ್ಷ್ಮೇಶ್ವರದಿಂದ ನನ್ನ ತಂಗಿಯ ಮಗಳು ಭಾರತಿ. ಅಡರಕಟ್ಟಿಯ ತವರಿನಲ್ಲಿ ಬಾಣಂತನ ಮುಗಿಸಿ, ಕೂಸು ಎತ್ತಿಕೊಂಡು ಅದೇ ಆಗ ತನ್ನ ಮನೆಗೆ ಬಂದಿದ್ದಳು.

"ದೊಡ್ಡವ್ವಾ, ಕರೆವ್ವನ್ನ ದೇವರ ಮಾಡ್ಯಾರ."

"ಏನಂದಿ?"

"ಬನ್ನಿ ಗಿಡದ ಬುಡಕ ಕಟ್ಟಿ ಕಟ್ಯಾರ. ಸಿಮೆಂಟ್ ಹಾಕಿ ಕೂಡಿಸ್ಯಾರ. ದಿನಾ ಎಣ್ಣಿ ಹೊಯ್ಯಾಕತ್ತಾರ. ನನಗ ಮುಟ್ಟಗೊಡವಲ್ಲರು."

"ಎಣ್ಣಿ?" ಎಂದೆ. ಉಳಿದದ್ದೆಲ್ಲ ನನ್ನ ಕಿವಿಗೆ ಬೀಳಲೇ ಇಲ್ಲ. "ಎಣ್ಣಿ ಹೊಯ್ದರೇನ ಅದರ ಮ್ಯಾಲ?"

"ಮಿಣಿಮಿಣಿ ಅಂತಾಳ ದೊಡ್ಡವ್ವಾ. ಕತ್ತಿ ಇಟ್ಟರ ಜಾರತೈತಿ. ನಾ ಈ ಕೆಲಸ ಬಿಡ್ತೀನಿ."

ಕರೆವ್ವ ಅಂದರೆ ಒಂದು ಸಾಣೆಕಲ್ಲು. ಅಂಗೈಗಿಂತ ಉದ್ದ, ಒಣಗಿದಾಗ ಕಪ್ಪು, ನೀರು ಬಿದ್ದರೆ ಒಳಗಿನಿಂದ ಹಸಿರು ತೋರುತ್ತದೆ. ನನ್ನ ಅತ್ತೆ ಬಸಮ್ಮ ಆಯುಷ್ಯವೆಲ್ಲ ಅದರ ಮೇಲೆ ಕತ್ತಿ ಮಸೆದರು. ಅವರ ನಂತರ ನಾನು ಮಸೆದೆ. ಮಣಿಕಟ್ಟು ಬಾತು ನಾನು ಕೆಲಸ ಬಿಟ್ಟಾಗ ಅದನ್ನು ಭಾರತಿಯ ಉಡಿಯಲ್ಲಿ ಹಾಕಿದೆ. ಅದು ನೀರಿನ ಕಲ್ಲು. ಎಣ್ಣೆ ಕುಡಿದರೆ ಅದರ ಮೈಯ ಸಣ್ಣ ಕಣ್ಣುಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ಅದರ ಮೇಲೆ ಅಲಗು ಜಾರುತ್ತದೆ, ಹರಿತವಾಗುವುದಿಲ್ಲ.

ನಮ್ಮ ಬೆಟಗೇರಿಯ ಹೊಲಿಗೆ ತರಗತಿಯ ಹುಡುಗಿಯರು ಬಹಳ ದಿನದಿಂದ ಕೇಳುತ್ತಿದ್ದರು, "ಅಜ್ಜಿ, ಸಾಣೆ ಹಿಡಿಯುವ ಕೆಲಸ ಹೇಗಿರುತ್ತದೆ ಬರೆದುಕೊಡಿ, ನಮ್ಮಲ್ಲಿ ಇಬ್ಬರು ಕಲಿಯಬೇಕೆಂದಿದ್ದಾರೆ" ಎಂದು. ಸಮಾಧಾನದಿಂದ ಕೂತು ಬರೆದರಾಯಿತು ಎಂದುಕೊಂಡಿದ್ದೆ. ಸಮಾಧಾನ ಈ ಜನ್ಮದಲ್ಲಿ ಬರುವಂತೆ ಕಾಣುವುದಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಕಲಿಯುವವರು ಸಿಟ್ಟನ್ನು ಸೋಸಿ ಕೆಲಸವನ್ನಷ್ಟೇ ಉಳಿಸಿಕೊಳ್ಳಿ.

ನನ್ನ ಮೇಲಧಿಕಾರಿ ಎಂದರೆ ನನ್ನ ಅತ್ತೆ. ಅವರಿಗಿಂತ ದೊಡ್ಡ ಸಾಹೇಬರನ್ನು ನಾನು ಕಂಡಿಲ್ಲ. ಲಗ್ನವಾಗಿ ಬೆಟಗೇರಿಗೆ ಬಂದಾಗ ಮನೆಯ ಹಿತ್ತಿಲಿನ ಗೋಡೆಗುಂಟ ಕಲ್ಲುಗಳ ಸಾಲು ಕಂಡು, ಇವರು ಮನೆ ಕಟ್ಟುವವರೇ ಎಂದು ಕೇಳಿದ್ದೆ. ಅತ್ತೆ ನಗಲಿಲ್ಲ. ಅಲಗು ಮುಟ್ಟಲು ಅವರು ನನಗೆ ಬಹಳ ಕಾಲ ಕೊಡಲೂ ಇಲ್ಲ. "ಮೊದಲ ಕಲ್ಲಿನ ಗುರುತ ಹಿಡಿ. ಕತ್ತರಿ ಎಲ್ಲಿ ಓಡಿ ಹೋಗತೈತಿ?" ಅನ್ನುತ್ತಿದ್ದರು.

ಕಲ್ಲಿನ ಗುರುತು ಹಿಡಿಯುವುದು ಹೀಗೆ. ಮೊದಲು ಉಗುರಿನಿಂದ ಬಡಿದು ಕೇಳಬೇಕು. ಗಟ್ಟಿ ಕಲ್ಲು ಲೋಟದ ಹಾಗೆ ಸದ್ದು ಮಾಡುತ್ತದೆ. ಒಳಗೆ ಪದರು ಬಿಟ್ಟದ್ದು ಒಡೆದ ಗಡಿಗೆಯ ಹಾಗೆ. ನಂತರ ಒಂದು ಹನಿ ನೀರು ಬಿಡಬೇಕು. ಗಟಗಟನೆ ಕುಡಿದರೆ ಅದು ಒರಟು ಕಲ್ಲು, ಕುಡಗೋಲಿಗೆ ಆಗುತ್ತದೆ. ನೀರು ಕುಳಿತಲ್ಲೇ ಕುಳಿತು ನಿಧಾನಕ್ಕೆ ಇಳಿದರೆ ನುಣ್ಣನೆಯ ಕಲ್ಲು. ಆಮೇಲೆ ಅದೇ ಕಲ್ಲಿನ ಚೂರಿನಿಂದ ಅದನ್ನೇ ಉಜ್ಜಬೇಕು. ಆಗ ಒಂದು ತೆಳುವಾದ ಕೆಸರು ಬಿಡುತ್ತದೆ. ಅದಕ್ಕೆ ಅತ್ತೆ 'ಹಾಲು' ಎನ್ನುತ್ತಿದ್ದರು. ಆ ಹಾಲನ್ನು ಬೆರಳಲ್ಲಿ ತೆಗೆದು ಮುಂದಿನ ಹಲ್ಲಿಗೆ ಹಚ್ಚಿಕೊಳ್ಳಬೇಕು. ಬೆರಳಿಗೆ ತಿಳಿಯದ ಹರಳು ಹಲ್ಲಿಗೆ ತಿಳಿಯುತ್ತದೆ. ಕರೆವ್ವನ ಹಾಲು ಹಲ್ಲಿಗೂ ತಿಳಿಯುತ್ತಿರಲಿಲ್ಲ.

ಎರಡು ಕಲ್ಲು ಹೋಲಿಸುವಾಗ ಕತ್ತರಿ ಒಂದೇ ಇರಬೇಕು, ಬಟ್ಟೆ ಒಂದೇ ಇರಬೇಕು, ಕೈಯೂ ಒಂದೇ ಇರಬೇಕು. ನಾನು ಒಮ್ಮೆ ಮುಖ ಊದಿಸಿಕೊಂಡು ಕಲ್ಲಿನ ಮುಂದೆ ಕೂತಿದ್ದೆ. ಅತ್ತೆ ಕತ್ತರಿಯನ್ನೇ ಕಸಿದುಕೊಂಡರು.

"ಗಂಡನ ಜೋಡಿ ಜಗಳ ಆಡೀಯೇನ?"

"ಹೂಂರಿ."

"ಹಂಗಾರ ಇವತ್ತ ರೊಟ್ಟಿ ಬಡಿ. ಸಿಟ್ಟಿನ ಕೈ ಎಲ್ಲಾ ಕಲ್ಲಿಗೂ ಸುಳ್ಳ ಹೇಳತೈತಿ."

ಕಲ್ಲು ಕೂಡಿಸುವುದು ನಮ್ಮ ಮನೆಯ ಹುಚ್ಚು. ಬಂಧುಗಳು ಎಲ್ಲಿಗೆ ಹೋದರೂ ನಾವು ಕುಪ್ಪಸದ ಖಣ ಕೇಳಲಿಲ್ಲ, ಕಲ್ಲು ಕೇಳಿದೆವು. ನಾದಿನಿಯನ್ನು ಮುಂಡರಗಿಗೆ ಕೊಟ್ಟಿತ್ತು; ಅವಳು ಹೊಳೆಯ ದಂಡೆಯಿಂದ ಒಂದು ಬೂದು ಕಲ್ಲು ತಂದಳು. ನೋಡಲು ಮೆತ್ತಗೆ, ಅಲಗು ಇಟ್ಟರೆ ಕಚ್ಚುತ್ತಿತ್ತು. ಅತ್ತೆ ಅದಕ್ಕೆ 'ಮುಂಡರಗಿ ಸೊಸಿ' ಎಂದು ಹೆಸರಿಟ್ಟರು. ಶಿರಹಟ್ಟಿಯ ಕಡೆಯಿಂದ ಬಂದ ಕೆಂಪನೆಯ ಒರಟು ಕಲ್ಲು 'ದೊರಗ್ಯಾ'. ಕರೆವ್ವ ಮಾತ್ರ ಅತ್ತೆಯ ತವರಿನಿಂದ ಬಂದದ್ದು. ಕಪ್ಪತಗುಡ್ಡದ ಕೆಳಗಿನ ಹಳ್ಳದಲ್ಲಿ ಅವರ ತಾಯಿಗೆ ಸಿಕ್ಕದ್ದಂತೆ. ಈಗ ಗುಡ್ಡದಿಂದ ಕಲ್ಲು ಎತ್ತುವಂತಿಲ್ಲ. ಅದು ಸರಿಯೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಂಥದ್ದು ಇನ್ನೊಂದು ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ.

ನಮ್ಮ ಮನೆಯವರು ಛಾಪಖಾನೆಯಲ್ಲಿ ಪುಸ್ತಕ ಕಟ್ಟುವ ಕೆಲಸದಲ್ಲಿದ್ದರು. ಒಮ್ಮೆ ಗೆಳೆಯರೊಂದಿಗೆ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋದವರು, ಹೆಗಲ ಮೇಲೆ ಟವೆಲ್ಲಿನಲ್ಲಿ ಏನೋ ಹೊತ್ತುಕೊಂಡು ಬಂದರು. ಬೆವರು ಇಳಿಯುತ್ತಿತ್ತು, ಮುಖ ಅರಳಿತ್ತು. "ನೋಡ ಯವ್ವಾ, ಬೆಣ್ಣಿ ಬೆಣ್ಣಿ ಐತಿ!" ಎಂದು ಕಲ್ಲನ್ನು ತಾಯಿಯ ಮುಂದೆ ಇಳಿಸಿದರು. ಅತ್ತೆ ಉಗುರಿನಿಂದ ಗೀರಿದರು. ಬೆಳ್ಳನೆಯ ಗೆರೆ ಮೂಡಿತು.

"ಲೇ, ಇದರ ಮ್ಯಾಲ ಮಸದರ ಕತ್ತರಿ ಹರಿತ ಆಗೂದಿಲ್ಲ, ಕಲ್ಲ ಹರಿತ ಆಗತೈತಿ. ಹಕ್ಕಿ ನೋಡಾಕ ಹೋದಾವ ಹಕ್ಕಿ ನೋಡಿ ಬರಬೇಕಿಲ್ಲೋ?"

ಬಳಪದ ಕಲ್ಲು ಅದು. ಬಾಗಿಲಿಗೆ ಒತ್ತು ಕೊಡಲು ಬಿತ್ತು. ಮಕ್ಕಳು ಅದರ ಚೂರಿನಿಂದ ನೆಲದ ಮೇಲೆ ಬರೆದು ಬರೆದು ಮುಗಿಸಿದರು. ನಮ್ಮ ಮನೆಯವರು ಸಾಯುವವರೆಗೂ ಯಾವ ಕಲ್ಲನ್ನೂ ಮುಟ್ಟಿ ಇದು ಚಲೋ ಎನ್ನಲಿಲ್ಲ.

ಗದಗಿನ ಒಂದು ಹೊಲಿಗೆ ಕಾರಖಾನೆಯ ಕತ್ತರಿಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದವು. ಅಲ್ಲಿ ಬಟ್ಟೆ ಕತ್ತರಿಸುವ ಮೇಸ್ತ್ರಿ ಒಬ್ಬನಿದ್ದ. ಹರಿತ ಎಂದರೆ ಕೂದಲು ಸೀಳುವಂತಿರಬೇಕು ಎಂದು ಅವನ ಹಟ. ಹೊಲಿಗೆಯ ಕತ್ತರಿಗೆ ಅಷ್ಟು ನುಣುಪು ಆಗಿಬರುವುದಿಲ್ಲ. ಅದರ ಬಾಯಿಯಲ್ಲಿ ಕಣ್ಣಿಗೆ ಕಾಣದಷ್ಟು ಹಲ್ಲು ಉಳಿದಿರಬೇಕು, ಇಲ್ಲವಾದರೆ ರೇಷ್ಮೆ ಕತ್ತರಿಗೆ ಸಿಗದೆ ಹಿಂದಕ್ಕೆ ಸರಿಯುತ್ತದೆ. ನಾನು ಹೇಳಿದೆ. "ನಿನಗೇನ ತಿಳೀತೈತಿ? ಮನ್ಯಾಗ ಕುಂತು ಮಸಿಯಾಕಿ" ಎಂದ. ಸರಿ ಎಂದು ಕರೆವ್ವನ ಮೇಲೆ ಹಿಡಿದು ಕೊಟ್ಟೆ. ಲಗ್ನದ ಕುಪ್ಪಸದ ರೇಷ್ಮೆ ಸರಿದು ಕತ್ತರಿ ಸೊಟ್ಟ ಹೋಯಿತಂತೆ. ಮೇಸ್ತ್ರಿ ಎಲ್ಲರೆದುರು ನನ್ನ ಕೆಲಸವೇ ಕೆಟ್ಟದ್ದು ಎಂದ. ಅದನ್ನು ಎಲ್ಲರೂ ನಂಬಿದರು. ಕತ್ತರಿಗಳು ಬೇರೆಯವರ ಮನೆಗೆ ಹೋದವು. ನ್ಯಾಯ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಕಲಿಯುವ ಹುಡುಗಿಯರೇ, ಹೊಲಿಗೆಯ ಕತ್ತರಿಯನ್ನು ಮುಂಡರಗಿ ಸೊಸೆಯಂಥ ಕಲ್ಲಿನಲ್ಲೇ ನಿಲ್ಲಿಸಿ, ಮುಂದೆ ಹೋಗಬೇಡಿ. ಯಾರು ಏನೇ ಅನ್ನಲಿ.

ಆಮೇಲೆ ಮೋಟಾರಿನ ಸಾಣೆ ಬಂತು. ಸ್ಕೂಟರಿನ ಹಿಂದೆ ಚಕ್ರ ಕಟ್ಟಿಕೊಂಡು ಒಬ್ಬ ಓಣಿಯೊಳಗೆ ಬರುತ್ತಿದ್ದ. ಕಿಡಿ ಹಾರುವುದನ್ನು ನೋಡಲು ಹೆಂಗಸರೆಲ್ಲ ಈಳಿಗೆ ಹಿಡಿದು ಓಡುತ್ತಿದ್ದರು, ದೀಪಾವಳಿ ಬಂದ ಹಾಗೆ. ಅಲಗು ಕಾದು ನೀಲಿಯಾದರೆ ಅದರ ಹದ ಹೋಯಿತೆಂದೇ ಅರ್ಥ. ಎರಡು ದಿನ ಸರಸರ ಕೊಯ್ಯುತ್ತದೆ, ಆಮೇಲೆ ಟೊಮೆಟೊ ಹಣ್ಣೂ ಜಜ್ಜಿಹೋಗುತ್ತದೆ. ಆಗ ನನ್ನ ಬಾಗಿಲಿಗೆ ಬಂದು, "ನೀಲವ್ವಾ, ಇದಕ್ಕೊಂದಿಷ್ಟ ಜೀವ ಕೊಡು" ಎನ್ನುತ್ತಿದ್ದರು. ಸುಟ್ಟ ಅಲಗಿಗೆ ಯಾವ ಕಲ್ಲು ಜೀವ ಕೊಡುತ್ತದೆ? ಒಳ್ಳೆಯ ಈಳಿಗೆಗಳನ್ನು ಹೀಗೆ ಸುಟ್ಟದ್ದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಬ್ಬರು ಬಂದಿದ್ದರು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು. ಒಳ್ಳೆಯ ಮಾತಿನ ಮನುಷ್ಯ. ಹಿತ್ತಿಲಿನ ಕಲ್ಲುಗಳ ಫೋಟೋ ತೆಗೆದರು. ಎಲ್ಲವನ್ನೂ ಕೊಡಿ, ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಇಡುತ್ತೇನೆ ಎಂದರು. ಯಾವುದರ ಮೇಲಾದರೂ ಏನಾದರೂ ಮಸೆಯುತ್ತೀರಾ ಎಂದು ಕೇಳಿದೆ. "ಇಲ್ಲ ಇಲ್ಲ, ನೋಡಲಿಕ್ಕೆ" ಎಂದರು. ಚಹಾ ಕೊಟ್ಟು ಕಳಿಸಿದೆ. ಗಾಜಿನೊಳಗೆ ಇಡುವವರು, ಗುಡಿಯೊಳಗೆ ಇಡುವವರು ಎಲ್ಲ ಕಡೆ ಸಿಗುತ್ತಾರೆ. ಮಸೆಯುವವರು ಎಲ್ಲಿ ಸಿಗುತ್ತಾರೆ?

ಈ ಕೆಲಸದಲ್ಲಿ ನನಗೆ ದೊಡ್ಡದೆನಿಸಿದ್ದು ಜವಳದ ಕತ್ತಿ. ಕೂಸಿನ ತಲೆಗೂದಲನ್ನು ಮೊದಲ ಸಲ ತೆಗೆಸುವಾಗ ಬಳಸುವ ಕತ್ತಿ ಅದು. ಕ್ಷೌರದ ಫಕೀರಪ್ಪ ಜವಳದ ಹಿಂದಿನ ದಿನ ಬಂದು ಕತ್ತಿಯನ್ನು ಅತ್ತೆಯ ಕೈಯಲ್ಲಿ ಕೊಡುತ್ತಿದ್ದ. ಅವತ್ತು ಅತ್ತೆ ಲಿಂಗಪೂಜೆ ಮುಗಿಸಿ, ಕರೆವ್ವನಿಗೂ ವಿಭೂತಿಯ ಮೂರು ಬೆರಳು ಎಳೆದು, ಮಾತಾಡದೆ ಮಸೆಯುತ್ತಿದ್ದರು. ನನ್ನ ಕೈಗೆ ಆ ಕತ್ತಿ ಮೊದಲು ಬಂದ ದಿನ, ಮಸೆದು ಮುಗಿದ ಮೇಲೆ ಅತ್ತೆ ಹೇಳಿದರು, "ಈಗ ನಿನ್ನ ಗಲ್ಲಕ್ಕ ಹಚ್ಚಿ ಎಳದ ನೋಡು."

"ನನ್ನ ಗಲ್ಲಕ್ಕರೀ?"

"ಮತ್ತ? ನಿನ್ನ ಗಲ್ಲ ಉರದ್ರ ಕೂಸಿನ ತಲಿ ಉರೀತೈತಿ. ಮೊದಲ ನೀ ಉರಕೋ."

ಅಂದಿನಿಂದ ನನ್ನ ಗಲ್ಲಕ್ಕೆ ತಾಗದೆ ಒಂದು ಜವಳದ ಕತ್ತಿಯೂ ನಮ್ಮ ಮನೆಯಿಂದ ಹೊರಗೆ ಹೋಗಲಿಲ್ಲ. ಒಂದು ಕೂಸಿನ ನೆತ್ತಿಗೂ ಗೀರು ಬೀಳಲಿಲ್ಲ. ಶಿವ ನನ್ನ ಕೈ ಕಾದ. ಈಗ ಕ್ಷೌರದ ಅಂಗಡಿಗಳಲ್ಲಿ ಬಳಸಿ ಬಿಸಾಡುವ ಬ್ಲೇಡು ಇದೆ. ರೋಗರುಜಿನದ ಕಾಲ, ಅದು ಒಳ್ಳೆಯದೇ. ಆದರೂ ಮನೆತನದ ಕತ್ತಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಜವಳ ಮಾಡಿಸುವವರು ಇನ್ನೂ ಇದ್ದಾರೆ. ಲಕ್ಷ್ಮೇಶ್ವರದಲ್ಲಿ ಅಂಥ ಕತ್ತಿಗಳು ಭಾರತಿಯ ಹತ್ತಿರ ಬರುತ್ತವೆ. ಕರೆವ್ವ ಇಲ್ಲದೆ ಅವುಗಳಿಗೆ ಕೊನೆಯ ಕೈ ಕೊಡಲಾಗುವುದಿಲ್ಲ. ಅದಿಲ್ಲವೆಂದರೆ ಭಾರತಿ ಕುಡಗೋಲು ಉಜ್ಜುತ್ತ ಕೂಡಬೇಕು, ಅಥವಾ ಬಿಡಬೇಕು.

ಭಾರತಿಗೆ ಕೊಡುವಾಗ ಒಂದು ಮಾತು ಹೇಳಿದ್ದೆ: ಕರೆವ್ವನನ್ನು ಒಣಗಲು ಬಿಡಬೇಡ. ಬೇಸಿಗೆಯಲ್ಲಿ ಪೂರ್ತಿ ಒಣಗಿದರೆ ಅದು ಪದರು ಬಿಡುತ್ತದೆ. ಅದಕ್ಕಾಗಿ ಅವಳು ಅದನ್ನು ಮನೆಯ ಮುಂದಿನ ಬನ್ನಿ ಗಿಡದ ನೆರಳಿನಲ್ಲಿ, ಬೇರುಗಳ ಸಂದಿಯಲ್ಲಿ ಇಟ್ಟಿದ್ದಳು. ಅಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ತವರಿಗೆ ಹೊರಟಾಗ ಎದುರು ಮನೆಯ ಗುರವ್ವ ಮುದುಕಿಗೆ, "ಆಯೀ, ದಿನಾ ಒಂದ ತಂಬಗಿ ನೀರ ಹಾಕ, ತಪ್ಪಿಸಬ್ಯಾಡ" ಎಂದು ಹೇಳಿ ಹೋದಳು.

ಮುದುಕಿ ತಪ್ಪಿಸಲಿಲ್ಲ. ದಿನವೂ ಮುಂಜಾನೆ ಜಳಕ ಮಾಡಿ, ಒದ್ದೆ ಸೀರೆಯಲ್ಲೇ ಬಂದು, ವಿಭೂತಿಯ ಗುರುತಿದ್ದ ಕಪ್ಪು ಕಲ್ಲಿನ ಮೇಲೆ ನೀರು ಹಾಕಿದಳು. ಯಾರಾದರೂ ಇದೇನೆಂದು ಕೇಳಿದರೆ, "ಕರೆವ್ವಗ ನೀರ ತಪ್ಪಿಸಬಾರದಂತ" ಎಂದಳು. ಅವಳಿಗೆ ಗೊತ್ತಿದ್ದದ್ದೇ ಅಷ್ಟು. ನೋಡಿದವರು ಒಂದು ಹೂವು ಇಟ್ಟರು. ಹೂವು ನೋಡಿದವರು ಕುಂಕುಮ ಹಚ್ಚಿದರು. ಕುಂಕುಮ ನೋಡಿದವರು ದೀಪ ಹಚ್ಚಿ, ಮಿಕ್ಕ ಎಣ್ಣೆಯನ್ನು ಕಲ್ಲಿನ ಮೇಲೆ ಹೊಯ್ದರು. ಬಡಾವಣೆಯ ಸಮಿತಿಯ ಅಧ್ಯಕ್ಷ ಮಲ್ಲೇಶಪ್ಪನದು ಸಿಮೆಂಟಿನ ಅಂಗಡಿ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಭಾರತಿಯ ಫೋನು ಇಟ್ಟವಳೇ ಮೊರದ ಮೇಲೆ ಒಂದು ಅರಿವೆ ಮುಚ್ಚಿ, ಅಂಟವಾಳಕಾಯಿಯ ಚೀಲ ತೆಗೆದುಕೊಂಡು ಬಸ್ ಹತ್ತಿದೆ. ಸೊಸೆ ಕೂಗುತ್ತಿದ್ದಳು, "ಅತ್ತಿಯಾರ, ಊಟ!" ಎಂದು. ನಿಲ್ಲಲಿಲ್ಲ.

ಬನ್ನಿ ಗಿಡದ ಸುತ್ತ ಹೊಳೆಯುವ ಟೈಲ್ಸ್ ಹಾಕಿದ ಕಟ್ಟೆ. ನಡುವೆ ಕರೆವ್ವ, ಅರ್ಧ ಸಿಮೆಂಟಿನಲ್ಲಿ ಹೂತು ಮಲಗಿದ್ದಳು. ಮೈಯೆಲ್ಲ ಜಿಡ್ಡು, ಮೇಲೆ ಧೂಳು. ನಡುವಿನ ತಗ್ಗಿನಲ್ಲಿ ಎಣ್ಣೆ ನಿಂತಿತ್ತು. ಅಲ್ಲಿ ನಿಂತಿದ್ದ ಒಬ್ಬ ಹೆಂಗಸು ನನಗೇ ತಿಳಿಸಿ ಹೇಳಿದಳು, "ಆ ತಗ್ಗ ನೋಡ್ರಿ, ದೇವಿ ಉಡಿ ಅದು. ಬೇಡಿಕೊಂಡು ಎಣ್ಣಿ ತುಂಬಬೇಕ." ಆ ತಗ್ಗು ನಮ್ಮತ್ತೆಯ ಕೈ. ಅವರು ಎಳೆದು ಎಳೆದು ಸವೆಸಿದ್ದು, ಅವರ ನಂತರ ನಾನು ಸವೆಸಿದ್ದು. ಕತ್ತೆತ್ತಿದರೆ ಗಿಡಕ್ಕೆ ಕಟ್ಟಿದ್ದ ಫಲಕ. ಅದರ ಮೇಲೆ ಬರೆದಿತ್ತು: ಹೆಣ್ಣುಮಕ್ಕಳು ದೇವಿಯನ್ನು ಮುಟ್ಟಬಾರದು.

ಮಲ್ಲೇಶಪ್ಪ ಬಂದರು. ಹಿಂದೆ ಅವರ ಹೆಂಡತಿ ಸುಮಂಗಲಾ, ನಾಲ್ಕು ಮಂದಿ ಓಣಿಯವರು.

"ಯಾರ ಬೇಕಾಗಿತ್ರಿ ಅಮ್ಮಾರ?"

"ನಮ್ಮ ಸಾಣಿಕಲ್ಲ ಬೇಕಾಗಿತ್ರಿ."

"ಹಂಗ ಅನಬ್ಯಾಡ್ರಿ. ಜಾಗೃತ ದೇವಿ. ತಾನಾಗಿ ಬಂದು ನೆಲಿಸ್ಯಾಳ."

"ತಾನಾಗಿ ಎಲ್ಲಿ ಬಂದಳ್ರಿ? ಬೆಟಗೇರಿಂದ ಚೀಲದಾಗ ಹಾಕ್ಕೊಂಡು ನಾನ ಬಸ್ಸಿನ್ಯಾಗ ತಂದೇನಿ."

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಮುಖ ಕೆಂಪಾಯಿತು. "ಮಂದಿ ಭಕ್ತಿ ಐತ್ರಿ ಇದು. ನಿಮಗ ದೇವರ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ಕೊರಳಾಗ ಲಿಂಗ ಕಟ್ಟೀನ್ರಿ. ಪೂಜಿ ಆಗಲಾರದ ಒಂದ ದಿನಾನೂ ಬಾಯಾಗ ನೀರ ಹಾಕಿಲ್ಲ. ನಂಬಿಕಿ ಮಾತ ನನಗ ಹೇಳಬ್ಯಾಡ್ರಿ. ಈ ಬೋರ್ಡ್ ಯಾರ ಬರದರು, ಅದನ್ನ ಹೇಳ್ರಿ. ಈ ಕಲ್ಲ ಹೆಂಗಸರ ಕೈಯಾಗ ಹುಟ್ಟಿ ಹೆಂಗಸರ ಕೈಯಾಗ ಸವದೈತಿ. ದೇವಿ ಅಂತೀರಿ, ದೇವಿ ಹೆಣ್ಣ ಅಲ್ಲೇನು? ಆಕಿ ತನ್ನ ಮೈ ತಾ ಮುಟ್ಟಬೇಕಾರ ನಿಮ್ಮ ಸಮಿತಿ ಕೇಳಬೇಕೇನು?"

ಗುರವ್ವ ಮುದುಕಿ ಕೋಲೂರಿಕೊಂಡು ಮುಂದೆ ಬಂದಳು. "ನಾ ದಿನಾ ನೀರ ಹಾಕಿದಾಕಿ ಎವ್ವಾ. ಈಗ ನನಗೂ ದೂರ ನಿಂದ್ರು ಅಂತಾರ. ನನ್ನಿಂದ ತಪ್ಪಾತೇನ?"

"ನಿಮ್ಮದೊಂದ ತಪ್ಪಿಲ್ಲ ಆಯಿ. ಇಡೀ ಓಣ್ಯಾಗ ಆಕಿಗೆ ಬೇಕಾದ್ದ ಕೊಟ್ಟಾಕಿ ನೀವೊಬ್ಬಾಕಿನ" ಎಂದೆ. ಅದು ಖರೆಯೇ.

ಅಧ್ಯಕ್ಷರು ಬೇಡಬೇಡವೆನ್ನುತ್ತಿದ್ದಂತೆಯೇ, ಕಲ್ಲು ಬಿಡಿಸಲು ಗಾರೆಯ ಗೌಂಡಿಯನ್ನು ಕರೆಸಿದೆ. ಅವನು ಉಳಿ ಇಡುವ ಮುಂಚೆ ಸಿಮೆಂಟಿನ ಅಂಚಿನಲ್ಲಿ ಕಲ್ಲನ್ನು ಉಗುರಿನಿಂದ ಬಡಿದು ಕೇಳಿದೆ. ಒಂದು ಬದಿಯಲ್ಲಿ ಒಡೆದ ಗಡಿಗೆಯ ಸದ್ದು. ಎರಡನೇ ಸಲ ಬಡಿದೆ, ಅದೇ ಸದ್ದು. ಪದರು ಬಿಡಲು ಶುರುವಾಗಿತ್ತು. ಉಳಿ ಬಿದ್ದರೆ ಹಪ್ಪಳದ ಹಾಗೆ ಬಿಡಿಸಿಕೊಳ್ಳುತ್ತಿತ್ತು. "ಬ್ಯಾಡಪ್ಪಾ, ಬಿಡು" ಎಂದೆ. ಅಷ್ಟು ಹೊತ್ತು ನನ್ನನ್ನು ನಿಲ್ಲಿಸಿದ್ದ ಸಿಟ್ಟು ಅಲ್ಲಿ ಕೈಬಿಟ್ಟಿತು. ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಭಾರತಿ ಕೂಸನ್ನು ಗುರವ್ವನ ಕೈಗೆ ಕೊಟ್ಟು ನನ್ನ ಪಕ್ಕ ಕೂತಳು. "ಹೋಗಲಿ ಬಿಡ ದೊಡ್ಡವ್ವಾ. ಉಳದ ಕಲ್ಲ ಮಾರಿ ಮೋಟಾರ್ ತಗೋತೀನಿ" ಎಂದಳು.

ಆ ಮಾತೇ ನನ್ನನ್ನು ಎಬ್ಬಿಸಿತು. ಮೋಟಾರು!

"ಸಿಮೆಂಟಿನ್ಯಾಗ ಇರಾಕಿ ಇರಲಿ. ಕೆಲಸಾನೂ ಇಲ್ಲೇ ಆಗಲಿ. ಬಿಸಿನೀರ ತಾ" ಎಂದು ಅಂಟವಾಳಕಾಯಿಯ ಚೀಲ ಬಿಚ್ಚಿದೆ.

ಅಧ್ಯಕ್ಷರು ಅಡ್ಡ ನಿಂತರು. "ಏನ ಮಾಡಾಕತ್ತೀರಿ?"

"ಎಣ್ಣಿ ತಗಿಯಾಕತ್ತೀನಿ."

"ಮುಟ್ಟಂಗಿಲ್ಲರೀ!"

"ಅಲ್ರೀ ಮಲ್ಲೇಶಪ್ಪಾರ, ನಿಮ್ಮ ಮನ್ಯಾಗ ಹೆಣ್ಣುಮಗಳಿಗೆ ಎಣ್ಣಿ ಹಚ್ಚಿದ ಮ್ಯಾಲ ಎರೀತೀರೋ ಹಂಗ ಬಿಡ್ತೀರೋ? ಇಷ್ಟ ದಿನಾ ಈಕಿಗೆ ಎಣ್ಣಿ ಹಚ್ಚೇ ಹಚ್ಚೀರಿ. ಒಬ್ಬರಾದ್ರೂ ತಲಿ ಮ್ಯಾಲ ಬಿಸಿನೀರ ಹಾಕೀರೇನು? ದೇವಿ ಅಂತೀರಿ, ಜಿಡ್ಡಿನ್ಯಾಗ ಮಲಗಿಸೀರಿ."

ಅಧ್ಯಕ್ಷರು ಬಾಯಿ ತೆರೆದರು. "ಎರೀಬೇಕಂದ್ರ... ನಾವ ಎರೀತೀವಿ."

ಅದುವರೆಗೆ ಸುಮ್ಮನಿದ್ದ ಸುಮಂಗಲಾ ಆಗ ಮಾತಾಡಿದರು. "ಏನ ಮಾತಾಡ್ತೀರಿ? ಹೆಣ್ಣಿಗೆ ಗಂಡಸರು ಎರೀತಾರೇನ್ರಿ? ನಾಚಿಕಿ ಆಗೂದಿಲ್ಲ?"

ಹೆಂಗಸರೆಲ್ಲ ಒಮ್ಮೆಗೇ ನಕ್ಕರು. ಗಂಡಸರೂ ನಕ್ಕರು, ತಡೆದು ತಡೆದು. ಅಧ್ಯಕ್ಷರಿಗೆ ಅಂಗಡಿಯ ನೆನಪಾಯಿತು, ಹೋದರು.

ನಾನು ಸುಳ್ಳು ಹೇಳಲಿಲ್ಲ. ನೆರೆದವರಿಗೆಲ್ಲ ಹೇಳಿದೆ, ಇದು ಪೂಜೆಯಲ್ಲ, ತೊಳೆಯುವುದು. ಅಂಟವಾಳದ ಬಿಸಿನೀರಿನಿಂದ ಉಜ್ಜಿದೆವು. ನಂತರ ಗುರವ್ವನ ಒಲೆಯ ಬೂದಿಯನ್ನು ಅರಿವೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕಲಸಿ ಕರೆವ್ವನ ಮೈಗೆ ದಪ್ಪಗೆ ಮೆತ್ತಿದೆವು. ಒಣಗುತ್ತ ಒಣಗುತ್ತ ಬೂದಿ ಎಣ್ಣೆಯನ್ನು ಹೊರಗೆ ಎಳೆಯುತ್ತದೆ. ಮರುದಿನ ಕಿತ್ತಾಗ ಬೂದಿ ಕಂದು ಬಣ್ಣಕ್ಕೆ ತಿರುಗಿತ್ತು. ಮತ್ತೆ ತೊಳೆದೆವು, ಮತ್ತೆ ಮೆತ್ತಿದೆವು. ಹೋಗಿಬರುವವರು ಬೆಳ್ಳನೆಯ ಕಲ್ಲು ಕಂಡು ಕೈ ಮುಗಿಯುತ್ತಿದ್ದರು. "ಎಣ್ಣಿ ತಗಿಯಾಕ ಹಚ್ಚೇವ್ರಿ, ಪೂಜಿ ಅಲ್ಲ" ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ. ಗುರವ್ವ ನನ್ನನ್ನೇ ಗದರಿದಳು, "ಸಾಕ ಬಿಡಬೇ ಎವ್ವಾ. ತೊಳಿಯೂದು ಪೂಜಿ ಅಲ್ಲಂದ್ರ ಮತ್ತ್ಯಾವುದು ಪೂಜಿ?" ನಾನು ಇನ್ನೊಂದು ಹಿಡಿ ಬೂದಿ ಕಲಸಿದೆ.

ಬೂದಿ ಬೂದಿಯ ಬಣ್ಣದಲ್ಲೇ ಹೊರಬರುವವರೆಗೆ ಭಾರತಿಯ ಮನೆಯಲ್ಲೇ ಉಳಿದೆ. ಆಮೇಲೆ ಒಂದು ಮುಂಜಾನೆ ಕರೆವ್ವನ ಮೇಲೆ ಒಂದು ಹನಿ ನೀರು ಬಿಟ್ಟೆ. ಇಬ್ಬರೂ ಬಗ್ಗಿ ನೋಡಿದೆವು. ಹನಿ ಮೊದಲು ಮುತ್ತಿನಂತೆ ನಿಂತಿತು. ನಿಂತ ಹನಿ ಮೆಲ್ಲಗೆ ಹರಡಿತು, ಮೆಲ್ಲಗೆ ಇಳಿಯಿತು. ಕಪ್ಪಿನೊಳಗಿಂದ ಹಸಿರು ಕಂಡಿತು. "ಕುಡದಳ!" ಎಂದಳು ಭಾರತಿ.

ಅವಳ ಕೂಸಿನದೇ ಜವಳ ಹತ್ತಿರ ಬಂದಿತ್ತು. ಕ್ಷೌರದವರ ಕತ್ತಿ ತರಿಸಿ, ಕಟ್ಟೆಯ ಮೇಲೆ ಕೂತು ಭಾರತಿಯೇ ಮಸೆದಳು. ನನ್ನ ಮಣಿಕಟ್ಟು ಸುಮ್ಮನಿರಲಾರದೆ ಅವಳ ಜೊತೆ ಗಾಳಿಯಲ್ಲೇ ಎಳೆಯುತ್ತಿತ್ತು. ಮುಗಿದ ಮೇಲೆ ಅವಳು ಕತ್ತಿಯನ್ನು ನನ್ನ ಗಲ್ಲಕ್ಕೆ ಹಿಡಿಯಲು ಬಂದಳು.

"ನನ್ನ ಗಲ್ಲ ಯಾಕ? ಕೂಸು ನಿಂದು. ನೀ ಉರಕೋ" ಎಂದೆ.

ಅವಳು ಕಣ್ಣು ಮುಚ್ಚಿ ಗಲ್ಲದ ಮೇಲೆ ಎಳೆದುಕೊಂಡಳು. ಕಣ್ಣು ತೆರೆದು, "ಹಚ್ಚಿದ್ದ ಗೊತ್ತಾಗಲಿಲ್ಲ ದೊಡ್ಡವ್ವಾ" ಎಂದಳು. ಮೋಟಾರಿನ ಮಾತು ಮತ್ತೆ ಬರಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕರೆವ್ವನ ಒಂದು ಮೂಲೆ ಇನ್ನೂ ಜಾರುತ್ತದೆ. ಅಲ್ಲಿ ಹೋದ ಎಣ್ಣೆ ಬರಲಿಲ್ಲ. ಪದರು ಬಿಟ್ಟ ಬದಿ ಎಷ್ಟು ದಿನ ತಡೆಯುತ್ತದೋ ಶಿವನೇ ಬಲ್ಲ. ಕಟ್ಟೆಯ ಎತ್ತರ ಕೆಲಸಕ್ಕೆ ಹೊಂದುವುದಿಲ್ಲ, ಭಾರತಿ ಬೆನ್ನು ಬಗ್ಗಿಸಿ ಮಸೆಯಬೇಕು. ಕೇಳದೆ ಎತ್ತಿಟ್ಟವರು, ಕೇಳದೆ ಎಣ್ಣೆ ಹೊಯ್ದವರು ಒಬ್ಬರೂ ತಪ್ಪಾಯಿತು ಎನ್ನಲಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಆದರೆ ಈಗ ಮುಂಜಾನೆ ಗುರವ್ವ ನೀರು ಹಾಕುತ್ತಾಳೆ, ಅದರ ಮೇಲೆಯೇ ಭಾರತಿ ಕೆಲಸ ಶುರು ಮಾಡುತ್ತಾಳೆ. ಹೂವು ತಂದವರು ಬದಿಗೆ ಇಟ್ಟು ಹೋಗುತ್ತಾರೆ. ಎಣ್ಣೆ ತಂದವರಿಗೆ ಗುರವ್ವ ಕೋಲು ತೋರಿಸುತ್ತಾಳೆ. ನಾನು ಹೊರಡುವ ದಿನ ಸುಮಂಗಲಾ ಸೆರಗಿನ ಒಳಗೆ ಏನನ್ನೋ ಮುಚ್ಚಿಕೊಂಡು ಬಂದರು. ಮೋಟಾರಿನಲ್ಲಿ ಸುಟ್ಟಿರದ, ಹಳೆಯ, ಒಳ್ಳೆಯ ಈಳಿಗೆ. "ನಮ್ಮ ಅವ್ವಂದ್ರೀ. ನಮ್ಮ ಮನಿಯವರಿಗೆ ಹೇಳಬ್ಯಾಡ್ರಿ" ಎಂದರು. ಭಾರತಿ ಅದನ್ನು ಮಸೆದು ಕೊಟ್ಟು, ಕೈ ಒರೆಸಿದ ಒದ್ದೆ ಅರಿವೆಯನ್ನು ಒಣಗಲಿಕ್ಕೆಂದು ಗಿಡಕ್ಕೆ ಕಟ್ಟಿದ್ದ ಆ ಫಲಕದ ಮೇಲೆ ಹಾಕಿದಳು. ಬರೆದದ್ದು ಪೂರ್ತಿ ಮುಚ್ಚಿತು.

ಬೆಟಗೇರಿಗೆ ಬಂದಾಗ ಮೊರ ನಾನು ಬಿಟ್ಟಲ್ಲೇ ಇತ್ತು, ಮೇಲಿನ ಅರಿವೆಯೂ ಹಾಗೇ ಇತ್ತು. ನನ್ನ ಕೆಲಸಕ್ಕೆ ಕೈ ಹಚ್ಚದ ಸೊಸೆಯನ್ನು ಕೊಟ್ಟದ್ದೂ ಶಿವನ ದಯೆ. ಉಳಿದರ್ಧ ಬೇಳೆ ಆರಿಸಿ, ತೊಳೆದು, ಒಲೆಯ ಮೇಲಿಟ್ಟೆ. ಚಿಟಿಕೆ ಅರಿಸಿನ ಹಾಕಿದೆ. ಬೇಳೆ ಉಕ್ಕದಿರಲೆಂದು ಒಂದು ಹನಿ ಎಣ್ಣೆ ಬಿಟ್ಟೆ. ಎಣ್ಣೆ ಇರಬೇಕಾದದ್ದು ಅಲ್ಲಿ.